ಬಿದ್ರಿ ಕಲಿಯುವಾಗ ಉಸ್ತಾದರು ಕೊಟ್ಟ ಡಿಸೈನನ್ನೇ ಮಾಡಬೇಕಾ, ನಮ್ಮ ಇಷ್ಟದ್ದು ಮಾಡಬಹುದಾ?

ಡಿಸೈನ್ ಯಾರದ್ದಾದರೂ ಇರಲಿ, ಅದಕ್ಕೆ ಜಗಳ ಬೇಡ. ಕೆಲಸವನ್ನು ಯಾವಾಗ ತೋರಿಸಬೇಕು ಅನ್ನೋದು ಮಾತ್ರ ನಿಮ್ಮ ಕೈಯಲ್ಲಿರಲಿ.

ನಾನೂ ಬೀದರಿನಲ್ಲೇ ಈ ಕೆಲಸಕ್ಕೆ ಕೂತವನು. ಸತು-ತಾಮ್ರದ ಪಾತ್ರೆಗೆ ಮೈಲುತುತ್ತ ಹಚ್ಚಿ ಕಪ್ಪು ಮಾಡಿ, ಬಳ್ಳಿ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿ ಕೂರಿಸಿ ಬಡಿಯುತ್ತೇವೆ ಅಲ್ವಾ? ನಾನು ಒಂದು ಗೆರೆ ಕೊರೆದರೆ ಸಾಕು, ಉಸ್ತಾದರ ಮುಂದೆ ಹಿಡಿಯುತ್ತಿದ್ದೆ. "ಆಳ ಸಾಲದು" ಅಂದರೆ ಇನ್ನಷ್ಟು ಕೊರೆಯುತ್ತಿದ್ದೆ. ಇದೇ ಶ್ರದ್ಧೆ ಅಂದುಕೊಂಡಿದ್ದೆ. ಆದರೆ ಆಳ ಸಾಕೋ ಸಾಲದೋ ಅಂತ ನೋಡುವ ಕೆಲಸವೆಲ್ಲ ಅವರ ಕಣ್ಣಿನದಾಗಿತ್ತು. ನನ್ನ ಕೈ ಬರೀ ಹೇಳಿದ್ದು ಕೇಳುತ್ತಿತ್ತು. ಅವರು ಊರಲ್ಲಿಲ್ಲದಾಗ ಒಬ್ಬನೇ ಒಂದು ಹೂದಾನಿ ಕೊರೆದೆ. ಪಾಲಿಶ್‌ಗೆ ಹಿಡಿದರೆ ತಂತಿಯ ತುದಿ ಎದ್ದಿತು, ಹಿಂದೆಯೇ ಬಳ್ಳಿಯೆಲ್ಲ ಕಿತ್ತು ಬಂತು. ಆರ್ಡರ್ ಹೋಯಿತು, ಬೆಳ್ಳಿಯ ದುಡ್ಡೂ ಹೋಯಿತು.

ಉಸ್ತಾದರು ಬಂದು ನೋಡಿ, "ತಮ್ಮಾ, ಇನ್ನು ನಾನಾಗಿ ನೋಡಲ್ಲ. ಬೇಕು ಅನಿಸಿದಾಗ ನೀನೇ ಕರಿ" ಅಂದರು. ಆಮೇಲೆ ಗೆರೆಯಲ್ಲಿ ಉಗುರು ಎಳೆದು ನೋಡುವುದನ್ನು ರೂಢಿ ಮಾಡಿಕೊಂಡೆ. ಉಗುರು ಸಿಕ್ಕಿ ನಿಂತರೆ ಸರಿ, ಜಾರಿದರೆ ಮತ್ತೆ ಉಳಿ. ಅನುಮಾನ ಬಂದಾಗ ಮಾತ್ರ ಕರೆಯುತ್ತಿದ್ದೆ. ಆಗಲೇ ಕೈ ಕೂತದ್ದು.

ಇಷ್ಟದ್ದು ಆರಿಸಿಕೊಂಡರೆ ಚೆನ್ನಾಗಿ ಕಲಿಯುತ್ತೇವಾ ಅನ್ನೋದರ ಮೇಲೆ ಸಂಶೋಧನೆಯೂ ಇದೆ. 2015ರ ಒಂದು ಪ್ರಯೋಗದಲ್ಲಿ ಗಾಲ್ಫ್ ಚೆಂಡಿನ ಬಣ್ಣ ಆರಿಸಿಕೊಳ್ಳಲು ಬಿಟ್ಟವರು ಚೆನ್ನಾಗಿ ಕಲಿತರು. ಮರುವರ್ಷ ಗೇಬ್ರಿಯಲ್ ವುಲ್ಫ್, ರೆಬೆಕಾ ಲ್ಯೂತ್‌ವೇಟ್ ಅನ್ನೋ ಸಂಶೋಧಕರು, ಕಲಿಯುವವರಿಗೆ ಆಯ್ಕೆ ಕೊಟ್ಟರೆ ಕಲಿಕೆ ಚೆನ್ನಾಗುತ್ತದೆ ಅನ್ನೋದನ್ನೂ ಸೇರಿಸಿ ಒಂದು ಸಿದ್ಧಾಂತ ಮಂಡಿಸಿದರು. ಆದರೆ 2022ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಅಳೆದವರಿಗೆ ಲಾಭ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಅದಕ್ಕೇ ಇಷ್ಟದ ಡಿಸೈನ್ ಸಿಕ್ಕ ಮಾತ್ರಕ್ಕೆ ಕೆಲಸ ಬರುತ್ತದೆ ಅಂತ ನಾನು ನಂಬುವುದಿಲ್ಲ. ತಪ್ಪು ಎಲ್ಲಿದೆ ಅಂತ ಮೊದಲು ನೀವೇ ಹುಡುಕಬೇಕು.

ಆದರೆ ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ (ಒಂದು ಬಗೆಯ ಉಪ್ಪು) ಹಾಕಿ ಕಾಯಂ ಕಪ್ಪು ಮಾಡುವಾಗ ನಿಮ್ಮ ಇಷ್ಟ ಗಿಷ್ಟ ಏನೂ ಬೇಡ. ಅಲ್ಲಿ ಉಸ್ತಾದರು ಹೇಳಿದಷ್ಟೇ ಬಿಸಿ, ಹೇಳಿದ್ದೇ ಮಣ್ಣು. ಕೊರೆಯುವುದಕ್ಕೆ ಮಾತ್ರ ಒಂದು ಹಾಳಾದ ತುಂಡು ಕೇಳಿ ಇಟ್ಟುಕೊಳ್ಳಿ. ಈಗ ಯಾವ ಉಳಿ ಹಿಡಿದಿದ್ದೀರಿ ಅಂತ ಬರೆಯಿರಿ, ಅದರ ಬಗ್ಗೆ ಬೇರೆಯೇ ಹೇಳುವುದಿದೆ.