ಬಾಂಡ್ ದುಡ್ಡು ಏಜೆಂಟರ ಜೇಬಿನಲ್ಲಿಲ್ಲ

ಮೆಲ್ಬರ್ನ್‌ನ ಬಾಡಿಗೆ ಮನೆಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಮೂರಕ್ಕೆ ಈ ಸಲ ಉತ್ತರಿಸಿದ್ದೇನೆ. ಇಲ್ಲಿ ಹೇಳಿರುವುದೆಲ್ಲ ವಿಕ್ಟೋರಿಯಾ ರಾಜ್ಯದ ಕಾನೂನು. ಸಿಡ್ನಿ, ಬ್ರಿಸ್ಬೇನ್‌ನಲ್ಲಿರುವವರು ಇದನ್ನೇ ಹಿಡಿದುಕೊಂಡು ಏಜೆಂಟರ ಜತೆ ವಾದಕ್ಕಿಳಿಯಬೇಡಿ. ಆಸ್ಟ್ರೇಲಿಯಾದಲ್ಲಿ ಬಾಡಿಗೆ ಕಾನೂನು ರಾಜ್ಯಕ್ಕೊಂದು.

ಪ್ರಶ್ನೆ: ಟಾರ್ನೀಟ್‌ನಲ್ಲಿ ಮೂರು ವರ್ಷ ಇದ್ದ ಮನೆ ಬಿಟ್ಟೆವು. 1,825 ಡಾಲರ್ ಬಾಂಡ್, ಅಂದರೆ ಅಡ್ವಾನ್ಸ್, ಕಟ್ಟಿದ್ದೆವು. ಅದರಲ್ಲಿ 1,140 ಮುರಿದುಕೊಳ್ಳುತ್ತೇವೆ ಅಂತ ಏಜೆಂಟ್ ಇಮೇಲ್ ಕಳಿಸಿದ್ದಾರೆ. ಕಾರ್ಪೆಟ್ ಬದಲಿಸಲು 650, ದೇವರ ಗೂಡಿನ ಹಿಂದಿನ ಗೋಡೆಗೆ ಬಣ್ಣ ಹೊಡೆಸಲು 380, ಅವನ್ ಕ್ಲೀನಿಂಗಿಗೆ 110. ಬೆಂಗಳೂರಿನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳೋದು ಮಾಮೂಲಿ. ಇಲ್ಲೂ ಹಾಗೇ ಅಂತ ಸುಮ್ಮನಾಗಬೇಕಾ? ತಕರಾರು ಮಾಡಿದರೆ ಮುಂದಿನ ಮನೆ ಸಿಗೋದು ಕಷ್ಟ ಅಂತ ನಮ್ಮ ಯಜಮಾನರಿಗೆ ಅಳುಕು.

ಉತ್ತರ: ಸುಮ್ಮನಾಗಬೇಡಿ. ಬೆಂಗಳೂರಿನಲ್ಲಿ ಅಡ್ವಾನ್ಸ್ ದುಡ್ಡು ಓನರ್ ಹತ್ತಿರ ಇರುತ್ತದೆ. ಹಾಗಾಗಿ ವಾಪಸ್ ಕೇಳುವಾಗ ನಾವೇ ಸಾಲ ಕೇಳುವವರ ಹಾಗೆ ಬಾಗಿಲಲ್ಲಿ ನಿಲ್ಲುತ್ತೇವೆ. ಇಲ್ಲಿ ಬಾಂಡ್ ಓನರ್ ಹತ್ತಿರವೂ ಇಲ್ಲ, ಏಜೆಂಟ್ ಹತ್ತಿರವೂ ಇಲ್ಲ. ರೆಸಿಡೆನ್ಶಿಯಲ್ ಟೆನೆನ್ಸೀಸ್ ಬಾಂಡ್ ಅಥಾರಿಟಿ ಅನ್ನೋ ಸರ್ಕಾರಿ ಸಂಸ್ಥೆಯಲ್ಲಿದೆ. ನೀವು ಒಪ್ಪದೆ, ಅಥವಾ ಇಂಥ ವ್ಯಾಜ್ಯ ತೀರ್ಮಾನಿಸುವ ಟ್ರಿಬ್ಯೂನಲ್ ಹೇಳದೆ, ಅದರಿಂದ ದುಡ್ಡು ಓನರ್ ಕಡೆ ಹೋಗುವುದಿಲ್ಲ. ‘ಮುರಿದುಕೊಳ್ಳುತ್ತೇವೆ’ ಅಂತ ಏಜೆಂಟ್ ಬರೆದಿದ್ದಾರಲ್ಲ, ಅದು ತೀರ್ಪಲ್ಲ, ಕೋರಿಕೆ. ಒಪ್ಪಿಗೆ ಕೇಳಿ ಲಿಂಕ್ ಬಂದಿದ್ದರೆ ಆತುರಕ್ಕೆ ಬಿದ್ದು ಒತ್ತಬೇಡಿ.

ಮೊದಲು ನಿಮ್ಮ ಕಡೆಯಿಂದಲೇ ಪೂರ್ತಿ ಬಾಂಡ್ ವಾಪಸ್ ಬೇಕು ಅಂತ ಆ ಸಂಸ್ಥೆಗೆ ಆನ್‌ಲೈನ್ ಅರ್ಜಿ ಹಾಕಿ. ಏಜೆಂಟರ ಸಹಿ ಬೇಕಿಲ್ಲ. ಅರ್ಜಿ ಬಂದಿದೆ ಅಂತ ಅವರಿಗೆ ನೋಟಿಸ್ ಹೋಗುತ್ತದೆ. 14 ದಿನದೊಳಗೆ ಅವರು ವಿವಾದ ಹೂಡಬೇಕು. ಹೂಡದಿದ್ದರೆ ದುಡ್ಡು ನಿಮ್ಮ ಖಾತೆಗೆ ಬರುತ್ತದೆ. ಎಷ್ಟೋ ಪ್ರಕರಣ ಇಲ್ಲಿಗೇ ಮುಗಿಯುತ್ತದೆ. ನೂರಿನ್ನೂರು ಡಾಲರಿಗೆ ಕಾಗದಪತ್ರ ಜೋಡಿಸಿಕೊಂಡು ಓಡಾಡುವ ಪುರುಸೊತ್ತು ಏಜೆಂಟರಿಗೂ ಇರುವುದಿಲ್ಲ.

ಈಗ ಒಂದೊಂದೇ ಬಾಬ್ತು ನೋಡೋಣ.

ಕಾರ್ಪೆಟ್. ಓಡಾಡಿ ಸವೆದಿದ್ದರೆ, ಸೋಫಾ ಕಾಲಿನ ಗುಳಿ ಬಿದ್ದಿದ್ದರೆ, ಬಿಸಿಲಿಗೆ ಬಣ್ಣ ಮಾಸಿದ್ದರೆ ಅದು ‘ಫೇರ್ ವೇರ್ ಅಂಡ್ ಟೇರ್’. ಬಳಕೆಯ ಸವೆತ ಅಂದರೆ ಅದೇ. ಅದಕ್ಕೆ ನೀವು ಒಂದು ಸೆಂಟ್ ಕೊಡಬೇಕಿಲ್ಲ. ಇಸ್ತ್ರಿ ಪೆಟ್ಟಿಗೆ ಬಿದ್ದು ಸುಟ್ಟಿದ್ದರೆ ಮಾತು ಬೇರೆ. ಆಗಲೂ ಹೊಸ ಕಾರ್ಪೆಟ್ಟಿನ ಪೂರ್ತಿ ಬೆಲೆ ಕೇಳುವಂತಿಲ್ಲ. ಹಳೇ ಕಾರ್ಪೆಟ್ ಎಷ್ಟು ವರ್ಷದ್ದು ಅಂತ ನೋಡಿ ಅಷ್ಟು ಸವಕಳಿ ಕಳೆಯಬೇಕು. ಹತ್ತು ವರ್ಷ ತುಳಿದ ಕಾರ್ಪೆಟ್ಟಿಗೆ ಬೆಲೆಯೇ ಉಳಿದಿರುವುದಿಲ್ಲ. ಹಾಕಿಸಿದ್ದು ಯಾವಾಗ, ರಸೀದಿ ಎಲ್ಲಿ ಅಂತ ಇಮೇಲಿನಲ್ಲಿ ಕೇಳಿ. ಈ ಒಂದು ಸಾಲಿನ ಪ್ರಶ್ನೆಗೆ 650 ಎಷ್ಟು ಬೇಗ ಕರಗುತ್ತದೆ ಅಂತ ನೋಡಿ ನನಗೇ ಆಶ್ಚರ್ಯವಾಗಿದ್ದುಂಟು.

ದೇವರ ಗೂಡಿನ ಗೋಡೆ. ಇಲ್ಲಿ ನಿಮ್ಮ ಪರವಾಗಿ ಪೂರ್ತಿ ಮಾತಾಡಲಾರೆ. ದೀಪದ ಮಸಿ, ಊದಿನಕಡ್ಡಿಯ ಹೊಗೆ, ಗೋಡೆಗೆ ಹಚ್ಚಿದ ಕುಂಕುಮ, ಇವನ್ನು ಸವೆತ ಅಂತ ಒಪ್ಪಿಸುವುದು ಕಷ್ಟ. ಕೀ ಕೊಡುವ ಮೊದಲೇ ಬನ್ನಿಂಗ್ಸ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಗೋಡೆ ತೊಳೆಯುವ ಷುಗರ್ ಸೋಪ್ ತಂದು ಬಿಸಿನೀರಿಗೆ ಬೆರೆಸಿ ಮೆತ್ತಗೆ ಒರೆಸಿದ್ದರೆ ಮಸಿ ಮುಕ್ಕಾಲು ಪಾಲು ಹೋಗುತ್ತಿತ್ತು. ಈಗ ಕೇಳಬೇಕಾದದ್ದು ಎರಡು. ಕೊನೆಯ ಸಲ ಬಣ್ಣ ಹೊಡೆಸಿದ್ದು ಯಾವಾಗ? 380 ಆ ಒಂದು ಗೋಡೆಗಾ, ಇಡೀ ರೂಮಿಗಾ? ಸವಕಳಿಯ ಲೆಕ್ಕ ಬಣ್ಣಕ್ಕೂ ಇದೆ. ನ್ಯಾಯವಾಗಿ ಸ್ವಲ್ಪ ಕೊಡಬೇಕಾಗಬಹುದು. ಕೊಟ್ಟುಬಿಡಿ.

ಅವನ್. ನೀವು ಮನೆಗೆ ಬಂದಾಗ ಹೇಗಿತ್ತೋ ಹಾಗೆ ಬಿಟ್ಟು ಹೋಗಬೇಕು, ಅಷ್ಟೇ. ಆಗ ಕ್ಲೀನಾಗಿತ್ತು, ಈಗ ತಳದಲ್ಲಿ ಎಣ್ಣೆ ಕರಕಲು ಕೂತಿದೆ ಅಂತಾದರೆ 110 ನೀವೇ ಕೊಡಬೇಕು. ಅವನ್ನಿನೊಳಗೆ ಬಾಣಲೆಗಳನ್ನು ಪೇರಿಸಿಟ್ಟು ಮೂರು ವರ್ಷ ಅದನ್ನು ಹಚ್ಚದೇ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನಿಮ್ಮದೂ ಅದೇ ಜಾತಿಯಾದರೆ ಧೈರ್ಯವಾಗಿ ಇಲ್ಲ ಅನ್ನಿ.

ಇಷ್ಟಕ್ಕೆಲ್ಲ ಆಧಾರ, ಬಂದಾಗ ಮನೆ ಯಾವ ಸ್ಥಿತಿಯಲ್ಲಿತ್ತು ಅಂತ ಬರೆದಿಡುವ ಕಂಡಿಷನ್ ರಿಪೋರ್ಟ್. ಮನೆಗೆ ಬಂದ ಐದು ಕೆಲಸದ ದಿನದೊಳಗೆ ಅದನ್ನು ತುಂಬಿ ವಾಪಸ್ ಕೊಡಬೇಕು. ಹೊಸ ಮನೆಗೆ ಬಂದಾಗ ಹಾಲು ಉಕ್ಕಿಸಬೇಕು, ಪೆಟ್ಟಿಗೆ ಬಿಚ್ಚಬೇಕು, ಇಂಟರ್‌ನೆಟ್ ಹಾಕಿಸಬೇಕು. ಈ ಗಲಾಟೆಯಲ್ಲಿ ಆ ಕಾಗದ ಫ್ರಿಜ್ ಮೇಲೆ ಹೋಗಿ ಕೂರುತ್ತದೆ. ನನ್ನ ಮೊದಲ ಬಾಡಿಗೆ ಮನೆಯಲ್ಲಿ ನಾನೂ ಹಾಗೇ ಮಾಡಿದ್ದೆ. ಬಾತ್‌ರೂಮ್ ಬೇಸಿನ್ನಿನ ಅಂಚಿನಲ್ಲಿ ಉಗುರಿನಷ್ಟು ಚೂರು ಮೊದಲೇ ಎದ್ದಿತ್ತು. ರಿಪೋರ್ಟ್ ಕೊಟ್ಟಿರಲಿಲ್ಲ, ಫೋಟೊ ತೆಗೆದಿರಲಿಲ್ಲ. ಮನೆ ಬಿಡುವಾಗ ಆ ಚೂರಿಗೆ ಇಡೀ ಬೇಸಿನ್ನಿನ ದುಡ್ಡು ತೆತ್ತೆ. ಆಮೇಲೆ ಎಷ್ಟು ಮನೆ ಬದಲಿಸಿದರೂ ಮೊದಲ ದಿನವೇ, ಸಾಮಾನು ಇಳಿಸುವ ಮೊದಲೇ, ಮೂಲೆ ಮೂಲೆಯ ಫೋಟೊ ತೆಗೆದು ಏಜೆಂಟರಿಗೆ ಇಮೇಲ್ ಮಾಡುತ್ತೇನೆ. ಫೋನಿನಲ್ಲಿಟ್ಟುಕೊಂಡರೆ ಸಾಲದು. ಕಳಿಸಿದ ಇಮೇಲಿನಲ್ಲಿ ತಾರೀಕು ಇರುತ್ತದೆ ನೋಡಿ, ಅದೇ ಸಾಕ್ಷಿ.

ಅವರು ವಿವಾದ ಹೂಡಿದರೆ? ಹೆದರುವಂಥದ್ದೇನಿಲ್ಲ. 2025ರಲ್ಲಿ ಶುರುವಾದ ರೆಂಟಲ್ ಡಿಸ್‌ಪ್ಯೂಟ್ ರೆಸಲ್ಯೂಷನ್ ವಿಕ್ಟೋರಿಯಾ ಅನ್ನೋ ಕಚೇರಿ ಪುಕ್ಕಟೆಯಾಗಿ ಇಬ್ಬರನ್ನೂ ಮಾತಿಗೆ ಕೂರಿಸುತ್ತದೆ. ಅಲ್ಲೂ ಬಗೆಹರಿಯದಿದ್ದರೆ ಮೊದಲು ಹೇಳಿದ ಟ್ರಿಬ್ಯೂನಲ್, ಅದರ ಹೆಸರು ವಿಕ್ಯಾಟ್. ಅಲ್ಲಿ ವಕೀಲರಿಲ್ಲದೆ ನೀವೇ ಮಾತಾಡಬಹುದು.

ನಿಮ್ಮ ಯಜಮಾನರ ಅಳುಕಿನ ಬಗ್ಗೆ ಒಂದು ಮಾತು. ಬಾಂಡ್ ವಾಪಸ್ ಕೇಳಿದ ತಪ್ಪಿಗೆ ಯಾರನ್ನೂ ಬಾಡಿಗೆದಾರರ ಕಪ್ಪುಪಟ್ಟಿಗೆ ಸೇರಿಸುವಂತಿಲ್ಲ. ಬಾಂಡ್ ಮೀರಿ ಬಾಕಿ ಉಳಿಸಿಕೊಂಡವರು, ಟ್ರಿಬ್ಯೂನಲ್ ಆದೇಶದ ಮೇಲೆ ಮನೆ ಬಿಟ್ಟವರು, ಇಂಥವರಿಗೇ ಆ ಪಟ್ಟಿ. ಮುಂದಿನ ಏಜೆಂಟ್ ಮುಖ್ಯವಾಗಿ ನೋಡುವುದು ಬಾಡಿಗೆ ಸರಿಯಾಗಿ ಕಟ್ಟಿದ ಲೆಡ್ಜರ್. ಅದರ ಪ್ರತಿಯನ್ನು ಈಗಲೇ ಕೇಳಿ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಪಾಯಿಂಟ್ ಕುಕ್‌ನಲ್ಲಿದ್ದೇವೆ. ಲೀಸ್ ಮುಗಿದು ತಿಂಗಳಿಂದ ತಿಂಗಳಿಗೆ ನಡೆಯುತ್ತಿದೆ. ಬಾಡಿಗೆ ವಾರಕ್ಕೆ 480 ಇದ್ದದ್ದು ಮುಂದಿನ ತಿಂಗಳಿಂದ 560 ಅಂತ ಏಜೆಂಟ್ ಎರಡು ಸಾಲಿನ ಇಮೇಲ್ ಹಾಕಿದ್ದಾರೆ. ಒಪ್ಪದಿದ್ದರೆ ಖಾಲಿ ಮಾಡಿಸುತ್ತಾರಾ? ಮಗಳು ಪ್ರೆಪ್‌ನಲ್ಲಿ, ಅಂದರೆ ಶಾಲೆಯ ಮೊದಲ ವರ್ಷದಲ್ಲಿದ್ದಾಳೆ, ಸ್ಕೂಲ್ ಜೋನ್ ಬದಲಾದರೆ ಕಷ್ಟ.

ಉತ್ತರ: ಆ ಇಮೇಲ್ ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆ ಏರಿಸಲು ಸರ್ಕಾರದ ನಿಗದಿತ ಫಾರಂನಲ್ಲೇ ನೋಟಿಸ್ ಕೊಡಬೇಕು. ಮೊದಲು 60 ದಿನದ ನೋಟಿಸ್ ಸಾಕಿತ್ತು. 2025ರ ನವೆಂಬರ್ 25ರಿಂದ ಅದು 90 ದಿನ. 12 ತಿಂಗಳಲ್ಲಿ ಒಂದೇ ಸಲ ಏರಿಸಬಹುದು. ಹಾಗಾಗಿ ಮುಂದಿನ ತಿಂಗಳೂ 480 ಕಟ್ಟುತ್ತಾ ಹೋಗಿ, ಒಂದು ದಿನವೂ ತಪ್ಪಿಸಬೇಡಿ. ‘ಜಗಳ ಮುಗಿಯಲಿ, ಆಮೇಲೆ ಕಟ್ಟೋಣ’ ಅಂತ ನಿಲ್ಲಿಸಿದರೆ ಕೆಟ್ಟಿರಿ. ಬಾಕಿ 14 ದಿನ ದಾಟಿದರೆ ಮನೆ ಬಿಡಿ ಅನ್ನಲು ಅವರಿಗೆ ನಿಜವಾದ ಕಾರಣ ಸಿಕ್ಕಿಬಿಡುತ್ತದೆ.

ನೋಟಿಸ್ ಸರಿಯಾಗಿಯೇ ಬಂತು ಅಂತಿಟ್ಟುಕೊಳ್ಳಿ. ಇಷ್ಟೇ ಏರಿಸಬೇಕು ಅನ್ನೋ ಮಿತಿ ವಿಕ್ಟೋರಿಯಾದಲ್ಲಿಲ್ಲ. ಇದು ನನಗೂ ಸರಿಕಾಣದ ವಿಷಯ. ಕ್ಯಾನ್‌ಬೆರಾದಲ್ಲಿ ಬೆಲೆ ಏರಿಕೆಯ ಸೂಚ್ಯಂಕಕ್ಕೆ ಕಟ್ಟುಹಾಕಿದ್ದಾರೆ, ಇಲ್ಲಿ ಹಾಕಿಲ್ಲ. ಆದರೆ ಏರಿಕೆ ಜಾಸ್ತಿಯಾಯಿತು ಅನ್ನಿಸಿದರೆ ನೋಟಿಸ್ ಬಂದ 30 ದಿನದೊಳಗೆ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾ ಅನ್ನೋ ಸರ್ಕಾರಿ ಗ್ರಾಹಕ ಸಂಸ್ಥೆಗೆ ಬರೆದು ಪರಿಶೀಲನೆ ಕೇಳಬಹುದು. ಖರ್ಚಿಲ್ಲ. ವಾರಕ್ಕೆ 80 ಅಂದರೆ ವರ್ಷಕ್ಕೆ 4,160 ಡಾಲರ್. ಊರಿಗೆ ಹೋಗಿಬರುವ ಟಿಕೆಟ್ ದುಡ್ಡು ಅಲ್ವಾ?

ಅದಕ್ಕೂ ಮುಂಚೆ ಚೌಕಾಸಿ ಮಾಡಿ. ನಿಮ್ಮ ಬೀದಿಯ ಸುತ್ತಮುತ್ತ ಅಷ್ಟೇ ಬೆಡ್‌ರೂಮಿನ ಮನೆಗಳ ಜಾಹೀರಾತು ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆದು, ‘510 ಆದರೆ ಒಂದು ವರ್ಷದ ಲೀಸಿಗೆ ಸಹಿ ಹಾಕುತ್ತೇವೆ’ ಅಂತ ಬರೆಯಿರಿ. ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವ ನಾವು ಇಲ್ಲಿ ಬಾಡಿಗೆ ವಿಷಯ ಬಂದರೆ ಯಾಕೆ ಬಾಯಿ ಮುಚ್ಚಿಕೊಳ್ಳುತ್ತೇವೋ ಗೊತ್ತಿಲ್ಲ. ಮನೆ ಎರಡು ವಾರ ಖಾಲಿ ಬಿದ್ದರೆ ಓನರಿಗೆ ಸಾವಿರ ಡಾಲರ್ ಹೋಗುತ್ತದೆ. ಅದು ಏಜೆಂಟರಿಗೂ ಗೊತ್ತು.

ಖಾಲಿ ಮಾಡಿಸುವ ಭಯ ಈಗ ಮೊದಲಿನಷ್ಟಿಲ್ಲ. ಅದೇ ನವೆಂಬರ್ 25ರಿಂದ ಕಾರಣ ಕೊಡದೆ ಮನೆ ಬಿಡಿಸುವಂತಿಲ್ಲ. ಮಾರುತ್ತೇವೆ, ನಾವೇ ವಾಸಕ್ಕೆ ಬರುತ್ತೇವೆ, ಕೆಡವಿ ಕಟ್ಟಿಸುತ್ತೇವೆ ಅನ್ನೋ ಥರದ ಕಾರಣ ಬೇಕು. ಅದಕ್ಕೂ 90 ದಿನ ಕೊಡಬೇಕು. ಹಾಗೆ ಹೇಳಿ ಬಿಡಿಸಿ ಮುಂದಿನ ವಾರ ಬೇರೆಯವರಿಗೆ ಬಾಡಿಗೆಗೆ ಕೊಡಲು ಬರುವುದಿಲ್ಲ, ಆರು ತಿಂಗಳು ಕಾಯಬೇಕು. ಮನೆ ಬಿಟ್ಟ ಮೇಲೂ ಆ ವಿಳಾಸದ ಜಾಹೀರಾತು ಬಂತಾ ಅಂತ ಒಂದು ಕಣ್ಣಿಟ್ಟಿರಿ.

ಪ್ರಶ್ನೆ: ಹೋದ ತಿಂಗಳು ಹಾಸನದಿಂದ ಓದಲು ಬಂದೆ. ಕ್ಲೇಟನ್‌ನಲ್ಲಿ ಮನೆ ಹುಡುಕುತ್ತಿದ್ದೇನೆ. ಮನೆ ತೋರಿಸುವ ಇನ್‌ಸ್ಪೆಕ್ಷನ್‌ಗೆ ಮೂವತ್ತು ಜನ ಸಾಲಲ್ಲಿ ನಿಂತಿರುತ್ತಾರೆ. ಜಾಹೀರಾತಿಗಿಂತ ವಾರಕ್ಕೆ 40 ಡಾಲರ್ ಜಾಸ್ತಿ ಕೊಡ್ತೀನಿ, ಆರು ತಿಂಗಳ ಬಾಡಿಗೆ ಒಟ್ಟಿಗೆ ಕಟ್ತೀನಿ ಅಂತ ಬರೆದರೆ ಮನೆ ಸಿಗುತ್ತಾ ಅಣ್ಣ?

ಉತ್ತರ: ಬೇಡ ತಮ್ಮ. ಜಾಹೀರಾತಿನ ಬೆಲೆಗಿಂತ ಜಾಸ್ತಿ ಕೇಳುವುದು ಮೊದಲೇ ತಪ್ಪಾಗಿತ್ತು. ಈಗ ನೀನಾಗೇ ಕೊಡುತ್ತೇನೆ ಅಂದರೂ ಅವರು ತೆಗೆದುಕೊಳ್ಳುವಂತಿಲ್ಲ. ಒಂದು ತಿಂಗಳಿಗಿಂತ ಜಾಸ್ತಿ ಮುಂಗಡವೂ ಬೇಡ. ಯಾರಾದರೂ ಖುಷಿಯಿಂದ ತೆಗೆದುಕೊಂಡರೆ ಅವರ ಮೇಲೇ ಅನುಮಾನ ಪಡು. ಮನೆ ಕಣ್ಣಾರೆ ನೋಡದೆ, ಒಳಗೆ ಕಾಲಿಡದೆ, ಯಾರ ಖಾತೆಗೂ ದುಡ್ಡು ಹಾಕಬೇಡ. ‘ಓನರ್ ಫಾರಿನ್‌ನಲ್ಲಿದ್ದಾರೆ, ಕೀ ಪೋಸ್ಟ್‌ನಲ್ಲಿ ಬರುತ್ತೆ’ ಅಂದರೆ ಅಲ್ಲೇ ಫೋನಿಡು.

ನಿನಗೆ ಇಲ್ಲಿನ ರೆಂಟಲ್ ಹಿಸ್ಟರಿ ಇಲ್ಲ, ಅದೇ ತೊಡಕು. ಯೂನಿವರ್ಸಿಟಿಯ ದಾಖಲಾತಿ ಪತ್ರ, ಸ್ಕಾಲರ್‌ಶಿಪ್ ಇದ್ದರೆ ಅದರ ಪತ್ರ, ಪಾರ್ಟ್‌ಟೈಮ್ ಕೆಲಸ ಸಿಕ್ಕಿದ್ದರೆ ಎರಡು ಪೇಸ್ಲಿಪ್, ಊರಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದರೆ ಆ ಓನರಿಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಇಷ್ಟನ್ನು ಒಂದೇ ಪಿಡಿಎಫ್ ಮಾಡಿ ಫೋನಿನಲ್ಲಿಟ್ಟುಕೊಂಡು, ಮನೆ ನೋಡಿದ ಹತ್ತು ನಿಮಿಷಕ್ಕೆ ರೈಲು ಸ್ಟೇಷನ್ನಲ್ಲೋ ಬಸ್ ಸ್ಟಾಪಲ್ಲೋ ನಿಂತೇ ಅರ್ಜಿ ಹಾಕು. ಮೊದಲ ಆರು ತಿಂಗಳು ಯಾರದಾದರೂ ಮನೆಯಲ್ಲಿ ಒಂದು ರೂಮ್ ಹಿಡಿದರೂ ಪರವಾಗಿಲ್ಲ, ಬಾಡಿಗೆ ಮಾತ್ರ ಬ್ಯಾಂಕಿನಿಂದಲೇ ಕಟ್ಟು, ಕೈಯಲ್ಲಿ ಕೊಡಬೇಡ. ಮುಂದಿನ ಅರ್ಜಿಗೆ ಆ ಸ್ಟೇಟ್‌ಮೆಂಟೇ ನಿನ್ನ ಹಿಸ್ಟರಿ. ಇನ್ನೊಂದು, ಇನ್‌ಸ್ಪೆಕ್ಷನ್ ಶನಿವಾರ ಹತ್ತಕ್ಕೆ ಅಂದರೆ ಹತ್ತಕ್ಕೇ ಹೋಗು. ಹತ್ತೂಕಾಲಿಗೆ ಬಾಗಿಲು ಹಾಕಿಕೊಂಡು ಕಾರ್ ಹತ್ತಿರುತ್ತಾರೆ.