ಮಕ್ಕಳು ಗುಡ್ಡ ಕುಸಿಯೋ ಆಟ ಆಡಿದರೆ ತಡೀಬೇಕಾ?

ಪರಿಹಾರ ಕೇಂದ್ರದಲ್ಲಿ ಮಕ್ಕಳು ದಿನಾ ಗುಡ್ಡ ಕುಸಿಯುವ ಆಟವನ್ನೇ ಆಡುತ್ತಿದ್ದಾರೆ, ನಿಲ್ಲಿಸಬೇಕಾ ಅಂತ ಕೇಳಿದ್ದೀರಿ. ನಿಲ್ಲಿಸಬೇಡಿ. ಪಕ್ಕದಲ್ಲಿ ಕೂತು ನೋಡಿ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಬರೆ (ಗುಡ್ಡದ ಇಳಿಜಾರು) ಜರಿದಾಗ ನಾನು ಮಡಿಕೇರಿಯ ಒಂದು ಕೇಂದ್ರದಲ್ಲಿ ಎರಡು ವಾರ ಇದ್ದೆ. ಮಕ್ಕಂದೂರು, ಮುಕ್ಕೋಡ್ಲು ಕಡೆಯ ಮನೆಯವರು ಜಾಸ್ತಿ. ಬಿಸ್ಕತ್ತಿನ ಖಾಲಿ ರಟ್ಟಿನ ಡಬ್ಬಗಳೇ ಮಕ್ಕಳಿಗೆ ಮನೆ, ದಾನಕ್ಕೆ ಬಂದ ಕಂಬಳಿ ರಾಶಿಯೇ ಗುಡ್ಡ. ಒಬ್ಬಳು "ಬಂತು, ಬಂತು!" ಅಂತ ಕೂಗಿ ಕಂಬಳಿ ತಳ್ಳುತ್ತಿದ್ದಳು. ಡಬ್ಬ ಎಲ್ಲಾ ಕಂಬಳಿಯ ಅಡಿಗೆ. ಎಲ್ಲರೂ ಓಡಬೇಕು. ಮತ್ತೆ ಮೊದಲಿನಿಂದ. ಅಜ್ಜಿಯೊಬ್ಬರು "ಅಪಶಕುನ, ಸಾಕು ಮಾಡಿ" ಅಂತ ಗದರಿದರು. ನಾನೂ ಹೂಂ ಅಂದು ಕಂಬಳಿ ಮಡಚಿಟ್ಟೆ. ಮಾರನೇ ದಿನ ಮೂಲೆಯಲ್ಲಿ ದಿಂಬು ಒಟ್ಟಿಕೊಂಡು ಅದೇ ಆಟ, ಈ ಸಲ ಗುಟ್ಟಾಗಿ!

ನಿಜವಾಗಿ ಬರೆ ಬಂದ ದಿನ ಆ ಹುಡುಗಿಯ ಕೈಯಲ್ಲಿ ಏನೂ ಇರಲಿಲ್ಲ. ಆಟದಲ್ಲಿ ಯಾವಾಗ ಜರಿಯಬೇಕು, ಯಾವಾಗ ನಿಲ್ಲಬೇಕು ಅನ್ನೋದು ಅವಳ ಮಾತು. ಕಂಬಳಿ ವಾಪಸ್ ಕೊಟ್ಟ ಮೇಲೆ ನಾಲ್ಕೈದು ದಿನಕ್ಕೆ ಆಟ ತಾನಾಗೇ ತಿರುಗಿತು. ಒಬ್ಬ ಜೀಪ್ ಡ್ರೈವರ್ ಆದ, ಇನ್ನೊಬ್ಬ ಹಗ್ಗ ಎಸೆದ, ಡಬ್ಬದ ಅಡಿಯಿಂದ ನಾಯಿಮರಿಯನ್ನೂ ಎಳೆದು ತಂದರು. ನಿಮ್ಮಲ್ಲಿ ಹಾಗೆ ತಿರುಗದೆ ಒಂದೇ ಕಡೆ ಸಿಕ್ಕಿಕೊಂಡಿದ್ದರೆ "ಈಗ ಯಾರು ಬರ್ತಾರೆ? ಎಲ್ಲಿಗೆ ಓಡೋಣ?" ಅಂತ ಒಂದು ಮಾತು ಕೇಳಿ ಸುಮ್ನಿರಿ. "ಅವತ್ತು ಏನಾಯ್ತು ಹೇಳು ಪುಟ್ಟ" ಅಂತ ಕೆದಕಬೇಡಿ. ಅದನ್ನು ಕ್ಯಾಮೆರಾ ಹಿಡಿದು ಬಂದವರು ಸಾಕಷ್ಟು ಕೇಳಿರುತ್ತಾರೆ.

ಸಂಜೆ ನಾಲ್ಕಕ್ಕೆ ಆಟ ಅಂದರೆ ನಾಲ್ಕಕ್ಕೇ ಇರಲಿ, ಅದೇ ಜಾಗದಲ್ಲಿ. ಟೆಡ್ಡಿ ಬೊಂಬೆಗಳ ಮೂಟೆ ಹೊತ್ತುಕೊಂಡು ಹೋಗಬೇಡಿ, ಹಂಚುವಾಗ ಜಗಳ ಗ್ಯಾರಂಟಿ. ಚಾಕ್‌ಪೀಸ್, ಹಗ್ಗ, ಒಂದು ಚೆಂಡು ಸಾಕು. ಕುಂಟೆಬಿಲ್ಲೆ, ಚೌಕಾಬಾರ ನಮ್ಮಲ್ಲಿ ಚೆನ್ನಾಗಿ ನಡೆದವು. ಲಗೋರಿಗೆ ಅಪ್ಪಂದಿರೂ ಎದ್ದು ಬಂದರು. ಶೀಟಿನ ಮೇಲೆ ಮಳೆ ಜೋರಾದರೆ ಮಾತ್ರ ಎಲ್ಲಾ ನಿಂತು ಮಕ್ಕಳ ಕಣ್ಣು ಬಾಗಿಲ ಕಡೆಗೆ. ಆಗ ನೆಲದ ಮೇಲೆ ಬೆರಳಿನಿಂದ ಮಳೆ ಬಾರಿಸುತ್ತಿದ್ದೆವು. ಮೊದಲು ಒಂದು ಬೆರಳು, ಆಮೇಲೆ ಹತ್ತೂ, ಕೊನೆಗೆ ಮತ್ತೆ ಒಂದು.

ತಿಂಗಳಾದರೂ ಮಗು ನಿದ್ದೆ ಮಾಡುತ್ತಿಲ್ಲ, ಯಾರ ಜೊತೆಗೂ ಸೇರುತ್ತಿಲ್ಲ, ಆಡಿದ ಮೇಲೆ ಇನ್ನೂ ಜಾಸ್ತಿ ಹೆದರುತ್ತದೆ ಅಂದರೆ ಅದು ನಮ್ಮ ಕೈಯ ಕೆಲಸ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ನಾನು ಹೊರಟ ದಿನ ಮಕ್ಕಳು ಅಳುತ್ತಾರೆ ಅಂತ ಹೇಳದೆ ಬಸ್ ಹತ್ತಿಬಿಟ್ಟೆ. ನಾಲ್ಕಕ್ಕೆ ಎಲ್ಲರೂ ಬಂದು ಚಾಕ್‌ಪೀಸಿಗೆ ಕಾಯುತ್ತಾ ಕೂತಿದ್ದರಂತೆ. ನೀವು ಮೂರು ದಿನ ಮೊದಲೇ ಹೇಳಿ, ಚಾಕ್‌ಪೀಸ್ ಡಬ್ಬಿಯನ್ನು ಅವರಲ್ಲೇ ಯಾರಿಗಾದರೂ ಕೊಟ್ಟು ಬನ್ನಿ.