ಜ್ವರ ಬಿಟ್ಟ 3 ತಿಂಗಳಿಗೆ ಕೂದಲು ಉದುರುವುದು: ಯಾರಿಗೆ ತೋರಿಸಬೇಕು?

ಜೋರು ಜ್ವರ ಬಂದು ಹೋದ 3 ತಿಂಗಳಿಗೆ ಬಾಚಣಿಗೆ ತುಂಬಾ ಕೂದಲು ಬರುತ್ತಿದ್ದರೆ, ಅದು ಹೆಚ್ಚಾಗಿ ಟೆಲೋಜೆನ್ ಎಫ್ಲುವಿಯಂ. ಜ್ವರದ ಹೊಡೆತಕ್ಕೆ ತುಂಬಾ ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿ, 2-3 ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಬೇರು ಸತ್ತಿರುವುದಿಲ್ಲ. ನನಗೂ ಹೀಗೇ ಆಗಿತ್ತು, ತಿರುಗಿ ಬಂತು.

ಮೊದಲು ಬೆಳಕಿನಲ್ಲಿ ನೆತ್ತಿ ನೋಡಿಸಿಕೊಳ್ಳಿ. ದುಂಡಗೆ ಬೋಳಾಗಿದ್ದರೆ, ಉರಿ, ಕೀವು, ಹೊಟ್ಟು ಏಳುತ್ತಿದ್ದರೆ ಕಾಯಬೇಡಿ, ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಕೆಲವು ಕಾಯಿಲೆಗಳಲ್ಲಿ ಕೂದಲಿನ ಬೇರೇ ಹಾಳಾಗುತ್ತದೆ, ಆಮೇಲೆ ಆ ಜಾಗದಲ್ಲಿ ಕೂದಲು ಬರುವುದಿಲ್ಲ.

ಅಂಥದ್ದೇನೂ ಇಲ್ಲದಿದ್ದರೂ ಒಮ್ಮೆ ಚರ್ಮದ ಡಾಕ್ಟರಿಗೇ ತೋರಿಸಿ, ಟ್ರೈಕಾಲಜಿಸ್ಟ್ (ಕೂದಲು, ನೆತ್ತಿಯ ತಜ್ಞರು ಅನ್ನಿಸಿಕೊಳ್ಳುವವರು) ಆಮೇಲೆ. ಆ ಹೆಸರಿಟ್ಟುಕೊಂಡವರೆಲ್ಲ ಡಾಕ್ಟರಲ್ಲ, ಎಷ್ಟೋ ಜನ ಬರೀ ಕೋರ್ಸ್ ಮಾಡಿದವರು, ಹಾಗಾಗಿ ಓದಿದ್ದೇನು ಅಂತ ಕೇಳಿ. ಜ್ವರದ ತಾರೀಖು, ತೆಗೆದುಕೊಂಡ ಮಾತ್ರೆಗಳ ಪಟ್ಟಿ ಒಯ್ಯಿರಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ಪರೀಕ್ಷೆ ಬೇಕಾ ಕೇಳಿ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅದರಿಂದ ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರಬಹುದು.

ಮನೆತನದ ಬೋಳುತನವೂ ಜೊತೆಗೆ ಇದೆಯಾ ಅನ್ನುವುದು ನೆತ್ತಿ ನೋಡದೆ ಹೇಳಲಾಗದು. ಬೈತಲೆ ಅಗಲವಾಗುತ್ತಾ ಹೋದರೆ ಅಥವಾ 6 ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ಮತ್ತೆ ಹೋಗಿ.